ಅದೇ ಮೃಗವನ್ನು ಐವತ್ತು ಸಲ ಏಕೆ ಬೇಟೆಯಾಡಬೇಕು?

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಪ್ರಶ್ನೆ: ನಾನು ಮತ್ತು ನನ್ನ ರೂಮಿನ ಗೆಳೆಯ ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇವೆ. ‘ಮಾನ್‌ಸ್ಟರ್ ಹಂಟರ್: ವರ್ಲ್ಡ್’ ವಿಡಿಯೊ ಆಟವನ್ನು ರಿಯಾಯಿತಿ ದರದಲ್ಲಿ ಕೊಂಡು ಇಬ್ಬರೂ ಒಂದೇ ದಿನ ಆರಂಭಿಸಿದೆವು. ನಾನು 20 ಗಂಟೆಗೆ ಬೇಸತ್ತು ಬಿಟ್ಟೆ. ಅವನು 300 ಗಂಟೆ ದಾಟಿದ್ದಾನೆ. ‘ಯಾಕಲೇ, ಅದನ್ನೇ ಎಷ್ಟ್ ಸರ್ತಿ ಹೊಡಿತಿ?’ ಎಂದರೆ ‘ನಿನಗ ತಿಳ್ಯಾಂಗಿಲ್ಲ ಬಿಡು’ ಎನ್ನುತ್ತಾನೆ. ಒಂದೇ ಆಟ ಒಬ್ಬನಿಗೆ ಹುಚ್ಚು ಹಿಡಿಸಿ ಇನ್ನೊಬ್ಬನಿಗೆ ಆಕಳಿಕೆ ತರಿಸುವುದು ಹೇಗೆ?
– ವಿದ್ಯಾರ್ಥಿ, ಕಲಬುರಗಿ

ಉತ್ತರ: ನಿಮ್ಮಿಬ್ಬರ ಜಗಳ ಹೊಸದಲ್ಲ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 2004ರಲ್ಲಿ ಪ್ಲೇಸ್ಟೇಷನ್ 2 ಎಂಬ ಆಟದ ಯಂತ್ರಕ್ಕಾಗಿ ಈ ಸರಣಿಯ ಮೊದಲ ಆಟವನ್ನು ಹೊರತಂದಂದಿನಿಂದ ಅದು ನಡೆದೇ ಇದೆ. ನೀವು ಕೊಂಡಿರುವ ‘ವರ್ಲ್ಡ್’ 2018ರಲ್ಲಿ ಬಂದು ಎರಡು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದ ಮೇಲೂ ಅದು ನಿಂತಿಲ್ಲ.

ಆಟದ ಹಂದರವನ್ನು ಅರಿಯದ ಓದುಗರಿಗಾಗಿ ನಾಲ್ಕು ಮಾತು. ಫಲಕದ ಮೇಲಿನ ಒಂದು ಬೇಟೆಯನ್ನು ಒಪ್ಪಿಕೊಂಡು, ಸಾಮಾನ್ಯವಾಗಿ 50 ನಿಮಿಷಗಳೊಳಗೆ ಮೃಗವನ್ನು ಕೊಲ್ಲಬೇಕು, ಇಲ್ಲವೇ ಬಲೆಗೆ ಕೆಡವಿ ಹಿಡಿಯಬೇಕು. ಮೂರು ಸಲ ಮೂರ್ಛೆ ಹೋದರೆ ಬರಿಗೈಯಲ್ಲಿ ಮರಳಬೇಕು. ಗೆದ್ದರೆ ಅದರ ಚರ್ಮ, ಚಿಪ್ಪು, ಉಗುರುಗಳನ್ನು ಸುಲಿದು ತಂದು ಕಮ್ಮಾರನ ಮುಂದಿಟ್ಟಾಗ ಅವನು ಅವುಗಳಿಂದ ಆಯುಧವನ್ನೂ ಕವಚವನ್ನೂ ಮಾಡಿಕೊಡುತ್ತಾನೆ. ಅವನ್ನು ತೊಟ್ಟುಕೊಂಡು ಇನ್ನೂ ದೊಡ್ಡ ಮೃಗದೆದುರು ನಿಲ್ಲಬೇಕು. ಇಂತಹ ಬೇರೆ ಅನೇಕ ಆಟಗಳಲ್ಲಿ ಪ್ರತಿಯೊಂದು ಕೊಲೆಗೂ ನಾಯಕನ ಲೆವೆಲ್ ಏರಿ, ಅವನ ಮೈಯೇ ಬಲಿಯುತ್ತ ಹೋಗುತ್ತದೆ. ಇಲ್ಲಿನ ಬೇಟೆಗಾರನಿಗೆ ಆ ಭಾಗ್ಯವಿಲ್ಲ. ಇಲ್ಲಿ ಬೆಳೆಯುವುದು ಅವನು ಹಿಡಿದ ಆಯುಧ ಮತ್ತು ಆಡುವವನ ಕೈ. ನಿಮ್ಮ ಗೆಳೆಯನಿಗೆ ಕೈ ಪಳಗುವ ರುಚಿ ಹತ್ತಿದೆ. ನೀವು ಆಯುಧದ ಲೆಕ್ಕವನ್ನಷ್ಟೇ ಇಟ್ಟುಕೊಂಡಿರಿ ಎಂದು ನನ್ನ ಊಹೆ.

ಒಂದು ಉದಾಹರಣೆ ಕೊಡುತ್ತೇನೆ. ರೇಥಿಯನ್ ಎಂಬ ಹಸಿರು ಬಣ್ಣದ, ರೆಕ್ಕೆಯುಳ್ಳ ಹೆಣ್ಣು ಮೃಗವೊಂದಿದೆ. ಅದು ಇದ್ದಕ್ಕಿದ್ದಂತೆ ಗಾಳಿಯಲ್ಲಿ ಹಿಮ್ಮುಖವಾಗಿ ಲಾಗ ಹಾಕಿ, ಬಾಲದ ಮುಳ್ಳಿನಿಂದ ಕೆಳಗಿನಿಂದ ಮೇಲಕ್ಕೆ ಹೊಡೆಯುತ್ತದೆ. ಪೆಟ್ಟಿನ ಜೊತೆಗೆ ವಿಷವೂ ಏರುತ್ತದೆ. ನನ್ನ ಕೈಯಲ್ಲಿದ್ದದ್ದು ಗ್ರೇಟ್ ಸ್ವೋರ್ಡ್ ಎಂಬ ಆಳೆತ್ತರದ ಕತ್ತಿ. ಒಮ್ಮೆ ಬೀಸತೊಡಗಿದರೆ ಅರ್ಧದಲ್ಲಿ ತಡೆದು ನಿಲ್ಲಿಸುವಂತಿಲ್ಲ. ಮೊದಲ ಬೇಟೆಯಲ್ಲಿ ಆ ಬಾಲ ನನ್ನನ್ನು ಮೂರು ಸಲ ನೆಲ ಕಚ್ಚಿಸಿತು. ನಾಲ್ಕನೆಯದೋ ಐದನೆಯದೋ ಬೇಟೆಯಲ್ಲಿ, ಲಾಗ ಹಾಕುವ ಮುನ್ನ ಅದು ಒಂದು ಹೆಜ್ಜೆ ಹಿಂದೆ ಸರಿಯುತ್ತದೆಂಬುದು ಕಣ್ಣಿಗೆ ಬಿತ್ತು. ಹತ್ತನೆಯ ಬೇಟೆಯ ಹೊತ್ತಿಗೆ ಆ ಹೆಜ್ಜೆಯನ್ನು ಕಂಡೊಡನೆ ಪಕ್ಕಕ್ಕೆ ಉರುಳಿ, ಅದು ನೆಲಕ್ಕಿಳಿಯುವ ಜಾಗವನ್ನು ಅಂದಾಜು ಮಾಡಿ, ಅದಿನ್ನೂ ಗಾಳಿಯಲ್ಲಿರುವಾಗಲೇ ಕತ್ತಿಯನ್ನು ಎತ್ತತೊಡಗಿದ್ದೆ. ಕತ್ತಿ ಹಳೆಯದೇ, ಮೃಗವೂ ಅದೇ. ಹೊರಗಿನಿಂದ ನೋಡಿದ ನಿಮ್ಮಂಥವರಿಗೆ ಹತ್ತೂ ಬೇಟೆಗಳು ಒಂದೇ ಆಗಿ ಕಾಣುವುದರಲ್ಲಿ ತಪ್ಪಿಲ್ಲ, ಏಕೆಂದರೆ ಬದಲಾದದ್ದು ಪರದೆಯ ಮೇಲೆ ಎಲ್ಲಿಯೂ ಅಂಕಿಯಾಗಿ ಮೂಡುವುದಿಲ್ಲ.

ಇಷ್ಟು ಹೇಳಿ ಗೆಳೆಯನ ಪಕ್ಷಕ್ಕೇ ತೀರ್ಪು ಕೊಡಲಾರೆ, ನಿಮ್ಮ ಬೇಸರಕ್ಕೆ ಗಟ್ಟಿಯಾದ ಆಧಾರವೂ ಇದೆ. ಒಳ್ಳೆಯ ಆಯುಧಕ್ಕೆ ಬೇಕಾದ ಅಪರೂಪದ ವಸ್ತು, ಅಂದರೆ ಮೃಗದ ‘ಪ್ಲೇಟ್’ ಅಥವಾ ‘ಜೆಮ್’, ಒಂದು ಸುಲಿತಕ್ಕೆ ಸಿಗುವ ಸಂಭವ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಮೂರರಷ್ಟು. ಲೆಕ್ಕ ಸರಳವಾಗಲೆಂದು ಒಂದು ಬೇಟೆಗೆ ನೂರಕ್ಕೆ ಎರಡು ಎಂದಿಟ್ಟುಕೊಳ್ಳೋಣ. ಹಾಗಾದರೆ 50 ಸಲ ಬೇಟೆಯಾಡಿದರೆ ಸಿಕ್ಕೇ ಸಿಗುತ್ತದೆ ಎಂದು ಮನಸ್ಸು ನಂಬುತ್ತದೆ. ಗಣಿತ ಬೇರೆಯೇ ಹೇಳುತ್ತದೆ: ಒಂದು ಬೇಟೆಯಲ್ಲಿ ಸಿಗದಿರುವ ಸಂಭವ 0.98, ಅದನ್ನು ಐವತ್ತು ಸಲ ಗುಣಿಸಿದರೆ ಬರುವುದು ಸುಮಾರು 0.36. ಎಂದರೆ ನೂರು ಜನ ತಲಾ 50 ಸಲ ಅದೇ ಮೃಗವನ್ನು ಕೊಂದರೂ ಅವರಲ್ಲಿ ಸುಮಾರು 36 ಜನರ ಚೀಲ ಖಾಲಿಯೇ. ಬೇಟೆಗೆ 15 ನಿಮಿಷದಂತೆ ಹಿಡಿದರೆ ಅದು ಹನ್ನೆರಡೂವರೆ ಗಂಟೆಗಳ ದುಡಿಮೆ. ಬೇಕಾದ ವಸ್ತುವನ್ನೇ ಆಟ ಬೇಕೆಂದು ತಡೆಹಿಡಿಯುತ್ತದೆ, ನಮ್ಮ ಆಸೆಯ ವಾಸನೆ ಅದಕ್ಕೆ ಹತ್ತುತ್ತದೆ ಎಂದು ಜಪಾನಿನ ಆಟಗಾರರು ತಮಾಷೆಗೆ ಹೇಳುವುದುಂಟು. ಕೈ ಪಳಗಿದ ಮೇಲೂ ಅದೃಷ್ಟಕ್ಕಾಗಿ ಮಾತ್ರ ನಡೆಯುವ ಈ ಸುತ್ತಾಟವನ್ನು ನಾನು ಸರಣಿಯ ದೋಷವೆಂದೇ ಎಣಿಸುತ್ತೇನೆ. ಅಭಿಮಾನಿಗಳು ಇದನ್ನೂ ತಪಸ್ಸು ಎಂದು ಬಣ್ಣಿಸುವಾಗ ಅವರ ಮಾತಿಗೆ ತಲೆದೂಗುವುದಿಲ್ಲ. ತಯಾರಕರಿಗೂ ಇದು ಅರಿವಾದಂತಿದೆ. ‘ವರ್ಲ್ಡ್’ನಲ್ಲಿಯೇ ಕೆಲವು ಚೀಟಿಗಳನ್ನು ಕೊಟ್ಟು ಇಂತಹ ವಸ್ತುವನ್ನು ಪಡೆಯಬಹುದು, ಇದೇ ಸರಣಿಯ 2025ರ ಆಟ ‘ವೈಲ್ಡ್ಸ್’ನಲ್ಲಿ ಕೆಲವು ಬೇಟೆಗಳಿಂದ ಖಚಿತವಾಗಿ ಏನು ಸಿಗುತ್ತದೆಂಬುದು ಹೊರಡುವ ಮೊದಲೇ ಕಾಣುತ್ತದೆ.

ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದಕ್ಕೆ ಆಟಗಾರರು ‘ಗ್ರೈಂಡ್’ ಎನ್ನುವ ಮಾತಿಗೆ ನಮ್ಮ ಕಡೆ ನೇರ ಅರ್ಥ ಬೀಸುವುದು ಎಂದೇ. ನಮ್ಮ ಅಜ್ಜಿಯರು ಕೋಳಿ ಕೂಗುವ ಹೊತ್ತಿಗೆದ್ದು ಬೀಸುವ ಕಲ್ಲಿನ ಮುಂದೆ ಕುಳಿತು, ಜೋಳ ಹಾಕುತ್ತ ತ್ರಿಪದಿಗಳನ್ನು ಹಾಡುತ್ತಿದ್ದರು. ಕಲ್ಲು ತಿರುಗುವ ಗತಿಯೇ ಹಾಡಿನ ಗತಿಯಾಗಿತ್ತು. ನಿಮ್ಮ ಗೆಳೆಯನಿಗೆ ಆ ಗತಿ ಸಿಕ್ಕಿದೆ, ನಿಮಗೆ ರಟ್ಟೆನೋವು ಮಾತ್ರ ಸಿಕ್ಕಿದೆ. ಗತಿ ಸಿಗುವುದಕ್ಕೆ ಕೆಲವೊಮ್ಮೆ ಆಯುಧವನ್ನು ಬದಲಿಸಿದರೂ ಸಾಕು: ಒಟ್ಟು 14 ಬಗೆಯ ಆಯುಧಗಳಿದ್ದು, ಜೋಡಿ ಕತ್ತಿ ಹಿಡಿದವನ ಆಟಕ್ಕೂ ಬಿಲ್ಲು ಹಿಡಿದವನ ಆಟಕ್ಕೂ ಸಂಬಂಧವೇ ಇಲ್ಲವೆನ್ನಬಹುದು. ಅದೂ ಹಿಡಿಸದಿದ್ದರೆ ಬಿಟ್ಟುಬಿಡಿ. 20 ಗಂಟೆ ಆಡಿದವರಿಗೆ ‘ತಿಳ್ಯಾಂಗಿಲ್ಲ’ ಎನ್ನುವ ಹಕ್ಕು ಗೆಳೆಯನಿಗಿಲ್ಲ.

ಪ್ರಶ್ನೆ: ಪಿಎಸ್‌ಪಿ ಎಂಬ ಕೈಯಲ್ಲಿ ಹಿಡಿಯುವ ಆಟದ ಯಂತ್ರದ ಕಾಲದಿಂದ ಈ ಸರಣಿಯನ್ನು ಆಡುತ್ತ ಬಂದವನು ನಾನು. ‘ವರ್ಲ್ಡ್’ನಿಂದೀಚೆಗೆ ಎಲ್ಲವನ್ನೂ ಸಲೀಸು ಮಾಡಿ ಆಟದ ಸತ್ವವನ್ನೇ ತೆಗೆದರೆಂದು ನನಗನ್ನಿಸುತ್ತದೆ. ಇದು ಬರೀ ವಯಸ್ಸಾದವರ ಗೊಣಗಾಟವೇ?
– ಓದುಗರು, ಸುರಪುರ, ಯಾದಗಿರಿ ಜಿಲ್ಲೆ

ಉತ್ತರ: ಬೇಡ ನಾಯಕರು ಆಳಿದ ಸುರಪುರದಿಂದ ಬೇಟೆಯ ಕುರಿತೇ ದೂರು ಬಂದಿರುವುದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಹಳೆಯ ಆಟಗಳಲ್ಲಿ ಮೃಗ ಎಲ್ಲಿದೆಯೆಂದು ನಾವೇ ಹುಡುಕಿ, ಬಣ್ಣದ ಉಂಡೆಯನ್ನು ಎಸೆದು ಗುರುತು ಮಾಡಬೇಕಿತ್ತು. ಔಷಧಿ ಕುಡಿದರೆ ಬೇಟೆಗಾರ ನಿಂತಲ್ಲೇ ನಿಂತು, ಕುಡಿದಾದ ಮೇಲೆ ತೋಳು ಮಡಿಸಿ ಪೈಲವಾನನಂತೆ ಭಂಗಿ ಕೊಡುತ್ತಿದ್ದ, ಅಷ್ಟರಲ್ಲಿ ಮೃಗ ಬಂದು ಗುದ್ದುತ್ತಿತ್ತು. ಮರುಭೂಮಿಗೆ ಹೋಗುವಾಗ ತಂಪು ಪಾನೀಯವನ್ನು ಮರೆತರೆ ಬಿಸಿಲಿಗೆ ಪ್ರಾಣ ಸೋರುತ್ತಿತ್ತು. ನಮ್ಮ ಭಾಗದವರಿಗೆ ಮೇ ತಿಂಗಳಲ್ಲಿ ಈ ನಿಯಮವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ‘ವರ್ಲ್ಡ್’ನಲ್ಲಿ ಹೊಳೆಯುವ ಹುಳುಗಳು ದಾರಿ ತೋರಿಸುತ್ತವೆ, ಔಷಧಿಯನ್ನು ನಡೆಯುತ್ತಲೇ ಕುಡಿಯಬಹುದು. 2021ರ ‘ರೈಸ್’ನಲ್ಲಿ ತಂಪು ಪಾನೀಯದ ಗೊಡವೆಯೇ ಇಲ್ಲ. ‘ವೈಲ್ಡ್ಸ್’ನಲ್ಲಂತೂ ಸವಾರಿಯ ಪ್ರಾಣಿಯೇ ನಮ್ಮನ್ನು ಮೃಗದ ಬಳಿಗೆ ಹೊತ್ತೊಯ್ಯುತ್ತದೆ, ಅದರ ಬೆನ್ನ ಮೇಲೆ ಕುಳಿತೇ ಕತ್ತಿ ಮಸೆಯಬಹುದು.

ಊರಿಗೆ ಹಿಟ್ಟಿನ ಗಿರಣಿ ಬಂದಾಗ ಬೀಸುವ ಕಲ್ಲನ್ನು ಮೂಲೆಗೆ ಸರಿಸಿದವರಲ್ಲಿ ಹಾಡುತ್ತಿದ್ದ ಹೆಂಗಸರೇ ಮೊದಲಿಗರು. ಅವರನ್ನು ದೂರಲು ನಾವು ಯಾರು? ಆದರೆ ಕಲ್ಲಿನ ಜೊತೆ ಪದಗಳೂ ಮರೆಯಾದದ್ದು ಸುಳ್ಳಲ್ಲ. ನಿಮ್ಮ ಅಸಮಾಧಾನವೂ ಅಂಥದ್ದೇ. ಬಣ್ಣದ ಉಂಡೆ ಹೋದದ್ದಕ್ಕೆ ನಾನು ಅಳುವುದಿಲ್ಲ. ಆದರೆ ಸಿದ್ಧತೆಯಿಲ್ಲದೆ ಹೊರಟವನನ್ನು ಕಾಡು ಶಿಕ್ಷಿಸುತ್ತಿತ್ತು ಎಂಬ ಭಯ ಹೋದದ್ದು ನಿಜವಾದ ನಷ್ಟ. ಬೇಟೆಗೆ ಮುನ್ನ ಚೀಲ ಕಟ್ಟುವ ಹತ್ತು ನಿಮಿಷವೂ ಬೇಟೆಯ ಭಾಗವೇ ಆಗಿತ್ತು.

ಇನ್ನೊಂದು ಸಂಗತಿಯನ್ನು ನೀವು ಬರೆದಿಲ್ಲ, ಆದರೆ ನಿಮ್ಮ ನೆನಪಿನಲ್ಲಿ ಇದ್ದೇ ಇರುತ್ತದೆ. ಪಿಎಸ್‌ಪಿಯಲ್ಲಿ ನಾಲ್ವರು ಒಂದೇ ಕಡೆ ಕುಳಿತು ಕೂಡಿ ಆಡಬಹುದಿತ್ತು, ಜಪಾನಿನಲ್ಲಿ ಈ ಸರಣಿ ಮನೆಮಾತಾದದ್ದು ಹಾಗೆಯೇ. 2010ರ ‘ಪೋರ್ಟಬಲ್ ಥರ್ಡ್’ ಪಾಶ್ಚಾತ್ಯ ದೇಶಗಳಿಗೆ ಹೋಗದೆಯೂ 40 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಮಗ್ಗುಲಲ್ಲಿ ಕುಳಿತ ಗೆಳೆಯ ಬೈಯುತ್ತ, ನಗುತ್ತ ಜೊತೆಗಿದ್ದಾಗ ಮೂವತ್ತನೆಯ ರೇಥಿಯನ್ ಕೂಡ ಭಾರವೆನಿಸದು. ಇದೇ ಸರಣಿಯ ಆಟಗಳನ್ನು ಒಂಟಿಯಾಗಿ ಕೋಣೆಯಲ್ಲಿ ಆಡಿದ ಹೊರನಾಡಿನ ಅನೇಕರಿಗೆ ಅವು ಕೂಲಿಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

‘ವೈಲ್ಡ್ಸ್’ ಮೂರೇ ದಿನಗಳಲ್ಲಿ 80 ಲಕ್ಷ ಪ್ರತಿ ಮಾರಾಟವಾದರೂ ಕಂಪ್ಯೂಟರಿನಲ್ಲಿ ಸರಾಗವಾಗಿ ಓಡುತ್ತಿಲ್ಲವೆಂಬ ದೂರುಗಳನ್ನು ರಾಶಿಗಟ್ಟಲೆ ಹೊತ್ತುಕೊಂಡಿತು. ಅದು ಸುಲಭವೋ ಕಠಿಣವೋ ಎಂಬ ವಾದದೊಡನೆ ಇದನ್ನು ಕಲಸಬಾರದು. ಸಾಧಾರಣ ಲ್ಯಾಪ್‌ಟಾಪ್ ಇರುವವರಿಗೆ, ಮೂಲತಃ ನಿಂಟೆಂಡೊ ಸ್ವಿಚ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರಕ್ಕಾಗಿ ತಯಾರಾದ ‘ರೈಸ್’ ಹೆಚ್ಚು ಹಗುರ.

ಪ್ರಶ್ನೆ: ಪಿಯುಸಿ ಓದುತ್ತಿರುವ ನನ್ನ ಮಗ ರಾತ್ರಿ ಈ ಆಟ ಆಡುತ್ತಾನೆ. ಊಟಕ್ಕೆ ಕರೆದರೆ ‘ಈಗ ಬಿಡಾಕ ಬರಂಗಿಲ್ಲವ್ವಾ’ ಎನ್ನುತ್ತಾನೆ. ಇದು ನೆಪವೇ, ನಿಜವೇ?
– ಗೃಹಿಣಿ, ಭಾಲ್ಕಿ, ಬೀದರ್ ಜಿಲ್ಲೆ

ಉತ್ತರ: ನಿಜವೇ ಇರಬಹುದು, ತಾಯಿ. ಒಬ್ಬನೇ ಆಡುತ್ತಿದ್ದರೆ ಒಂದು ಗಳಿಗೆ ತಡೆಯುವ ದಾರಿ ಇರುತ್ತದೆ; ಇತರರೊಡನೆ ಕೂಡಿ ಆಡುವಾಗ ಇರುವುದಿಲ್ಲ. ಮೂರು ಮೂರ್ಛೆಗಳ ಮಿತಿ ಇಡೀ ತಂಡಕ್ಕೆ ಸೇರಿದ್ದರಿಂದ, ಅವನು ಎದ್ದು ಬಂದು ಅವನ ಬೇಟೆಗಾರ ಬಿದ್ದರೆ ಉಳಿದವರ ಶ್ರಮವೂ ಹಾಳಾಗಬಹುದು. ಆದರೆ ಒಂದು ಬೇಟೆ ಎಷ್ಟೇ ಎಳೆದರೂ ಸಾಮಾನ್ಯವಾಗಿ 50 ನಿಮಿಷ ಮೀರದು, ಬಹುಪಾಲು ಅದಕ್ಕಿಂತ ಬಹಳ ಮೊದಲೇ ಮುಗಿಯುತ್ತವೆ. ಆದ್ದರಿಂದ ಗಡಿಯಾರದ ಬದಲು ಬೇಟೆಯ ಲೆಕ್ಕದಲ್ಲಿ ಮಾತಾಡಿಕೊಳ್ಳಿ: ರಾತ್ರಿಗೆ ಎರಡು ಬೇಟೆ, ಊಟಕ್ಕೆ ಅರ್ಧ ಗಂಟೆ ಮೊದಲು ಹೊಸದನ್ನು ಒಪ್ಪಿಕೊಳ್ಳುವಂತಿಲ್ಲ. ‘ಇನ್ನೊಂದೇ ಒಂದು, ಪ್ಲೇಟ್ ಸಿಕ್ಕಿಲ್ಲ’ ಎಂದು ಅವನು ಮೂರನೆಯದಕ್ಕೆ ಕೈ ಹಾಕಿದರೆ ಮೇಲಿನ ಮೊದಲ ಉತ್ತರದಲ್ಲಿರುವ ಐವತ್ತು ಬೇಟೆಯ ಲೆಕ್ಕವನ್ನು ಅವನಿಂದಲೇ ಕ್ಯಾಲ್ಕುಲೇಟರಿನಲ್ಲಿ ಮಾಡಿಸಿ; ಗಣಿತದ ವಿದ್ಯಾರ್ಥಿಯಾಗಿದ್ದರೆ ಪರೀಕ್ಷೆಗೂ ಒದಗೀತು.