ಫ್ಲೈ ಕಟ್ಟಲು ಜಿಂಕೆ ಕೂದಲು ಆರಿಸುವುದು ಹೇಗೆ? ನನ್ನ ಕ್ಯಾಡಿಸ್ ರೆಕ್ಕೆ ಪೊರಕೆಯ ಹಾಗೆ ಕೆದರುತ್ತದೆ, ಯಾಕೆ?

ನೀವು ಕೇಳಿರುವುದು ಮೂರು. ಅಮೆರಿಕದ ಕೊಲೊರಾಡೋದ ಡೆನ್ವರ್‌ಗೆ ಬಂದ ಮೇಲೆ ಟ್ರೌಟ್ ಮೀನು ಹಿಡಿಯುವ ಹುಚ್ಚು ಹತ್ತಿ ಫ್ಲೈಗಳನ್ನು, ಅಂದರೆ ಗಾಳದ ಹುಕ್ಕಿಗೆ ಕೂದಲು, ದಾರ ಸುತ್ತಿ ಮಾಡುವ ಹುಳುವಿನಂಥ ಆಮಿಷಗಳನ್ನು, ನೀವೇ ಕಟ್ಟುತ್ತಿದ್ದೀರಿ. ಕ್ಯಾಡಿಸ್ ಎಂಬ ಹುಳುವಿನ ಹಾಗೆ ಎಲ್ಕ್ (ಅಲ್ಲಿನ ದೊಡ್ಡ ಜಾತಿಯ ಜಿಂಕೆ) ಕೂದಲಿನಲ್ಲಿ ಕಟ್ಟುವ ಎಲ್ಕ್ ಹೇರ್ ಕ್ಯಾಡಿಸ್‌ನ ರೆಕ್ಕೆ ಮಾತ್ರ ಕೆದರಿ ನಿಲ್ಲುತ್ತಿದೆ. ಬೇಟೆಗೆ ಹೋಗುವ ಸಹೋದ್ಯೋಗಿ ಹಸಿ ಚರ್ಮ ಕೊಡುತ್ತೇನೆ ಎಂದಿದ್ದಾನೆ, ತೆಗೆದುಕೊಳ್ಳಬಹುದಾ? ಊರಿನ ಮನೆಯಲ್ಲಿ ತಾತನ ಕಾಲದ ಜಿಂಕೆ ಚರ್ಮ ಇದೆ, ಅದರಿಂದ ಸ್ವಲ್ಪ ಕತ್ತರಿಸಿ ತರಬಹುದಾ?

ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಬೇಡ. ಚುಕ್ಕೆ ಜಿಂಕೆಯಾಗಲಿ ಕಡವೆಯಾಗಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತವೆ. ಚರ್ಮ, ಕೂದಲು, ಕೊಂಬು ಯಾವುದನ್ನೂ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುವಂತಿಲ್ಲ. ಅಷ್ಟಕ್ಕೂ ಹಿಮದಲ್ಲಿ ಬದುಕುವ ಜಿಂಕೆಗೆ ಬೇಕಾದ ದಪ್ಪ ಚಳಿಗಾಲದ ಕೂದಲು ಬಂಡೀಪುರದ ಜಿಂಕೆಗೆ ಬೇಕಾಗಿಯೇ ಇಲ್ಲ. ನಮಗೆ ಬೇಕಿರುವುದು ಆ ಕೂದಲೇ.

ಈಗ ರೆಕ್ಕೆಯ ವಿಷಯ. ನಿಮ್ಮ ಕೈಯನ್ನು ಬೈದುಕೊಳ್ಳಬೇಡಿ. ಬಹುಶಃ ತಪ್ಪು ಕೂದಲಿನದು.

ನನಗೂ ಹೀಗೇ ಆಗಿತ್ತು. ಮೊದಲ ಚಳಿಗಾಲ ಒಂದು ಅಂಗಡಿಯಲ್ಲಿ ಸುಮ್ನೆ 'ಜಿಂಕೆ ಕೂದಲು' ಎಂದು ಬರೆದಿದ್ದ ಚೀಲ ತಂದೆ. ಇಪ್ಪತ್ತು ಕ್ಯಾಡಿಸ್ ಕಟ್ಟಿದೆ, ಇಪ್ಪತ್ತೂ ಕಡ್ಡಿಪೊರಕೆ. ದಾರ ಬದಲಾಯಿಸಿದೆ, ಹುಕ್ ಬದಲಾಯಿಸಿದೆ. ಕೊನೆಗೆ ಫ್ಲೈ ಕಟ್ಟುವವರು ಸೇರುವ ಒಂದು ಸಂಜೆ, ವಯಸ್ಸಾದ ಒಬ್ಬರು ಒಂದು ಚಿಟಿಕೆ ಕೂದಲು ಎತ್ತಿ, ಬುಡವನ್ನು ಉಗುರಿನಲ್ಲಿ ಒತ್ತಿ ನೋಡಿ ನಕ್ಕರು. ಅದು ಬ್ಯಾಸ್ ಮೀನಿಗೆ ದಪ್ಪ ತಲೆಯ ಫ್ಲೈ ಕಟ್ಟುವ ಕೂದಲು. ಕೆದರುವುದೇ ಅದರ ಕೆಲಸ!

ಜಿಂಕೆ ಕೂದಲು ಕೊಳವೆಯಂತೆ ಟೊಳ್ಳು ಎಂದು ಎಲ್ಲರೂ ಹೇಳುತ್ತಾರೆ. ಪೂರ್ತಿ ನಿಜವಲ್ಲ. ಒಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಕೋಶಗಳಿವೆ, ಬೆಂಡಿನ ಹಾಗೆ. ಅದಕ್ಕೇ ತೇಲುತ್ತದೆ. ದಾರ ಬಿಗಿದಾಗ ಆ ಜಾಗ ಹಿಸುಕಿಕೊಂಡು ಕೂದಲು ಆಚೀಚೆ ಏಳುತ್ತದೆ. ಆದರೆ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ. ಬುಡದ ಕಡೆ ಗಾಳಿ ಜಾಸ್ತಿ, ತುದಿಯ ಕಡೆ ಕಮ್ಮಿ, ಕೊನೆಯ ಕಪ್ಪು ತುದಿಯಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗಾಗಿ ಕೇಳಿಕೊಳ್ಳಬೇಕಾದದ್ದು 'ಈ ಕೂದಲು ಒಳ್ಳೆಯದಾ' ಎಂದಲ್ಲ, 'ನನ್ನ ದಾರ ಈ ಕೂದಲಿನ ಯಾವ ಜಾಗದ ಮೇಲೆ ಬೀಳುತ್ತದೆ' ಎಂದು.

ಲೆಕ್ಕ ಹಾಕಿ ನೋಡಿ. 16ನೇ ನಂಬರ್ ಹುಕ್ಕಿನ ಕ್ಯಾಡಿಸ್‌ಗೆ ರೆಕ್ಕೆ ತುದಿಯಿಂದ ದಾರದವರೆಗೆ ಸುಮಾರು ಒಂದು ಸೆಂಟಿಮೀಟರ್. ನಿಮ್ಮ ಕೂದಲು ಉದ್ದವಾಗಿದ್ದು ತುದಿ ನಿಧಾನವಾಗಿ ಸಣ್ಣದಾಗುತ್ತಿದ್ದರೆ ದಾರ ಗಟ್ಟಿ ಭಾಗದ ಮೇಲೆ ಬೀಳುತ್ತದೆ, ರೆಕ್ಕೆ ಹುಕ್ಕಿಗೆ ಅಂಟಿ ಮಲಗುತ್ತದೆ. ತುದಿ ಗಿಡ್ಡವಾಗಿದ್ದು ಕೂದಲು ದಪ್ಪವಾಗಿದ್ದರೆ ನೇರವಾಗಿ ಬೆಂಡಿನ ಮೇಲೆ ಬೀಳುತ್ತದೆ, ಪೊರಕೆ ಏಳುತ್ತದೆ. ಕ್ಯಾಡಿಸ್‌ಗೆ ಇವೆರಡರ ನಡುವಿನದು ಬೇಕು. ಅದಕ್ಕೇ 1957ರಲ್ಲಿ ಈ ಫ್ಲೈ ಕಟ್ಟಿದ ಆಲ್ ಟ್ರಾತ್ ಎಲ್ಕ್ ಕೂದಲು ಹಿಡಿದದ್ದು ಸರಿಹೋಯಿತು ಅನ್ನಿಸುತ್ತದೆ ನನಗೆ. ಎಲ್ಕ್ ಕೂದಲಿನ ಹೊರಪದರ ದಪ್ಪ. ಅಷ್ಟಾಗಿ ಕೆದರುವುದಿಲ್ಲ, ಟ್ರೌಟ್ ಹಲ್ಲಿಗೂ ಬೇಗ ಮುರಿಯುವುದಿಲ್ಲ. ಸಣ್ಣ ಹುಕ್ಕಿಗೆ ವರ್ಷದ ಎಲ್ಕ್ ಮರಿಯ ಕೂದಲು ಸಿಕ್ಕರೆ ತೆಗೆದುಕೊಳ್ಳಿ, ಇನ್ನೂ ನಯ.

ಕಂಪಾರಾಡನ್ ಎಂಬ ಇನ್ನೊಂದು ಫ್ಲೈ ಕಟ್ಟುವಾಗ ಲೆಕ್ಕ ತಿರುಗಾಮುರುಗಾ. ಅಲ್ಲಿ ರೆಕ್ಕೆ ಅರ್ಧ ಚಕ್ರದ ಹಾಗೆ ಬಿಚ್ಚಿಕೊಳ್ಳಬೇಕು. ಸಪೂರ ಕೂದಲು, ಕಪ್ಪು ತುದಿ ಎರಡು ಮೂರು ಮಿಲಿಮೀಟರ್ ಮೀರದಂತೆ ಇರುವುದನ್ನು ಹುಡುಕಿ. ಮಡ್ಲರ್ ಮಿನ್ನೋ ಎಂಬ ಫ್ಲೈನ ತಲೆಗೆ, ಬ್ಯಾಸ್ ಫ್ಲೈಗೆ ಬಿಳಿಬಾಲದ ಜಿಂಕೆಯ ಹೊಟ್ಟೆ ಅಥವಾ ಪೃಷ್ಠದ ದಪ್ಪ ಕೂದಲು. ಹೊಟ್ಟೆಯದು ಬಿಳಿ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಬಾಲದ ಕೂದಲು, ಅಂದರೆ ಬಕ್‌ಟೇಲ್, ಬೇರೆಯೇ ಜಾತಿ. ಅದನ್ನು ಇದಕ್ಕೆಲ್ಲ ತರಬೇಡಿ.

ಅಂಗಡಿಯಲ್ಲಿ ಚೀಲದ ಮೇಲಿನ ಹೆಸರು ನಂಬಬೇಡಿ. ಕೇಳಿ ಬಿಚ್ಚಿಸಿ. ಚರ್ಮವನ್ನು ಸ್ವಲ್ಪ ಹಿಂದಕ್ಕೆ ಬಗ್ಗಿಸಿದರೆ ಕೂದಲು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ತುದಿಗಳು ಮುರಿದಿವೆಯಾ, ಕೂದಲು ನೆಟ್ಟಗಿದೆಯಾ ನೋಡಿ. ಮುರಿದ ತುದಿಗೆ ಯಾವ ರಿಪೇರಿಯೂ ಇಲ್ಲ. ನಾನಂತೂ ಅಂಗಡಿಯವರು ಬೇಡ ಅನ್ನುವವರೆಗೂ ನಾಲ್ಕು ಕೂದಲಿನ ಬುಡ ಉಗುರಿನಲ್ಲಿ ಒತ್ತಿ ನೋಡುತ್ತೇನೆ. ಸುಲಭವಾಗಿ ಹಿಸುಕಿಕೊಂಡರೆ ಕೆದರುವ ಕೂದಲು.

ತಯಾರಿಯಲ್ಲಿ ಹೆಚ್ಚಿನವರು ಎಡವುವುದು ಒಳತುಪ್ಪಳದಲ್ಲಿ. ಉದ್ದ ಕೂದಲಿನ ಬುಡದಲ್ಲಿ ಹತ್ತಿಯಂಥ ತುಪ್ಪಳ ಇರುತ್ತದೆ. ಅದು ಉಳಿದರೆ ತುದಿಗಳು ಸಮ ಕೂರುವುದಿಲ್ಲ, ತಲೆ ಕಟ್ಟುವಾಗ ಕೂದಲು ಹುಕ್ಕಿನ ಸುತ್ತ ತಿರುಗುವುದೂ ಇಲ್ಲ. ಚರ್ಮಕ್ಕೆ ಒತ್ತಿ ಕತ್ತರಿಸಿ, ತುದಿ ಕಡೆ ಬಿಗಿ ಹಿಡಿದು ಬುಡದ ಕಡೆ ಬಾಚಿ. ಇದಕ್ಕೆಂದೇ ಹಣಿಗೆ ಮಾರುತ್ತಾರೆ. ನಾನು ಬಳಸುವುದು ಅಮ್ಮ ಕೊಟ್ಟು ಕಳಿಸಿದ ಹೇನಿನ ಸೀರಣಿಗೆ, ಅದಕ್ಕಿಂತ ಒಳ್ಳೆಯದು ನನಗಿನ್ನೂ ಸಿಕ್ಕಿಲ್ಲ. ಇನ್ನೇನೂ ಬರುತ್ತಿಲ್ಲ ಅನ್ನಿಸಿದ ಮೇಲೂ ನಾಲ್ಕು ಸಲ ಬಾಚಿ. ಆಮೇಲೆ ತುದಿ ಕೆಳಗೆ ಮಾಡಿ ಸ್ಟ್ಯಾಕರ್‌ಗೆ, ಅಂದರೆ ತುದಿಗಳನ್ನು ಸಮ ಮಾಡುವ ಸಣ್ಣ ಕೊಳವೆಗೆ, ಹಾಕಿ ಮೇಜಿಗೆ ಏಳೆಂಟು ಸಲ ಕುಟ್ಟಿ. ಕೊಲೊರಾಡೋದ ಒಣ ಹವೆಯಲ್ಲಿ ಕೂದಲು ಕರೆಂಟ್ ಹಿಡಿದು ಸ್ಟ್ಯಾಕರ್‌ಗೆ ಅಂಟಿಕೊಳ್ಳುತ್ತದೆ. ಬಟ್ಟೆ ಒಣಗಿಸುವಾಗ ಹಾಕುವ ಡ್ರೈಯರ್ ಶೀಟನ್ನು ಒಳಗೊಮ್ಮೆ ಸವರಿದರೆ ಸರಿಹೋಗುತ್ತದೆ.

ಎಷ್ಟು ಕೂದಲು? 14ನೇ ನಂಬರ್ ಕ್ಯಾಡಿಸ್‌ಗೆ ಒತ್ತಿ ಹಿಡಿದಾಗ ಬೆಂಕಿಕಡ್ಡಿಯಷ್ಟು ದಪ್ಪ ಸಾಕು. ರೆಕ್ಕೆ ಕೂರುವ ಜಾಗದಲ್ಲಿ ಮೊದಲು ದಾರದ ಹಾಸು ಇರಲಿ. ಎರಡು ಸುತ್ತು ಸಡಿಲ, ಆಮೇಲೆ ಬಿಗಿ. ಇನ್ನೂ ನಾಲ್ಕು ಸುತ್ತು ಆಗುವವರೆಗೆ ಎಡಗೈ ಬಿಡಬೇಡಿ, ಬಿಟ್ಟರೆ ಎಲ್ಲ ಕೂದಲೂ ಹುಕ್ಕಿನ ಕೆಳಗಡೆಗೆ ಓಡುತ್ತದೆ. ಮಡ್ಲರ್ ತಲೆಯಾದರೆ ಪೆನ್ಸಿಲ್ ದಪ್ಪದ ಗೊಂಚಲು, ಬರಿಯ ಹುಕ್ಕಿನ ಮೇಲೆ, 100 ಡೆನಿಯರ್ ದಪ್ಪದ, ಜಿಎಸ್‌ಪಿ ಎಂಬ ಗಟ್ಟಿ ಜಾತಿಯ ದಾರದಲ್ಲಿ. ಸಾಮಾನ್ಯ ಸಣ್ಣ ದಾರ ಅಲ್ಲಿ ಟಪ್ ಎಂದು ಹೋಗುತ್ತದೆ.

ಇನ್ನು ಹಸಿ ಚರ್ಮ. ತೆಗೆದುಕೊಳ್ಳಿ, ಆದರೆ ಪೂರ್ತಿ ಬೇಡ. ಬೆನ್ನಿನದು, ಪೃಷ್ಠದ್ದು, ಹೊಟ್ಟೆಯದು ಅಂಗೈ ಅಗಲದ ಎರಡೆರಡು ತುಂಡು ಜೀವನಪೂರ್ತಿ ಸಾಕು. ನವೆಂಬರ್ ಕಡೆಯ ಬೇಟೆಯಾದರೆ ಒಳ್ಳೆಯದು, ಬೇಸಿಗೆಯ ಕೆಂಪು ಕೂದಲಿನಲ್ಲಿ ಬೆಂಡು ಕಮ್ಮಿ. ತಲೆ, ಬೆನ್ನುಮೂಳೆ ಮುಟ್ಟಬೇಡಿ. ಜಿಂಕೆಗಳ ಮಿದುಳು ಕೆಡಿಸಿ ಸಾಯಿಸುವ ಕ್ರಾನಿಕ್ ವೇಸ್ಟಿಂಗ್ ಕಾಯಿಲೆ ಮೊದಲು ಕಂಡದ್ದೇ ಇಲ್ಲಿ ಕೊಲೊರಾಡೋದಲ್ಲಿ, 1967ರಲ್ಲಿ, ಫೋರ್ಟ್ ಕಾಲಿನ್ಸ್ ಹತ್ತಿರ. ಬೇರೆ ರಾಜ್ಯಕ್ಕೆ ಸಾಗಿಸುವುದಿದ್ದರೆ ಅಲ್ಲಿನ ನಿಯಮ ನೋಡಿಕೊಳ್ಳಿ. ಕೈಗವಸು ಹಾಕಿಕೊಂಡು ಕೊಬ್ಬು, ಮಾಂಸ ಪೂರ್ತಿ ಕೆರೆಯಿರಿ. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಕೂದಲು ಕೆಳಗಾಗಿ ಹಲಗೆಗೆ ಮೊಳೆ ಹೊಡೆದು, ಚರ್ಮಕ್ಕೆ ಬೋರಾಕ್ಸ್ ಪುಡಿ, ಅದೇ ನಮ್ಮ ಬಿಳಿಗಾರ, ಧಾರಾಳವಾಗಿ ತಿಕ್ಕಿ. ಚರ್ಮ ರಟ್ಟಿನಂತಾಗುವವರೆಗೆ ಗ್ಯಾರೇಜಿನಲ್ಲಿ ಬಿಡಿ. ಆಮೇಲೆ ಗಾಳಿಯಾಡದ ಚೀಲದಲ್ಲಿ ಹಾಕಿ ಎರಡು ವಾರ ಫ್ರೀಜರ್, ಹುಳ, ಉಣ್ಣಿ ಇದ್ದರೆ ಸಾಯುತ್ತವೆ. ನಮ್ಮ ಮನೆಯಲ್ಲಿ ಅದು ತೆಂಗಿನತುರಿಯ ಪಕ್ಕ ಕೂತಿತ್ತು. ನೀವು ಹಾಗೆ ಮಾಡುವ ಮೊದಲು ಮನೆಯಲ್ಲಿ ಒಂದು ಮಾತು ಹೇಳಿ.

ಹಳೆ ಚೀಲದಲ್ಲಿ ಒತ್ತಿ ಬಾಗಿಹೋದ ಕೂದಲಿದ್ದರೆ ಎಸೆಯಬೇಡಿ. ಕೆಟಲಿನ ಆವಿಗೆ ಅರ್ಧ ನಿಮಿಷ ಹಿಡಿಯಿರಿ, ನೆಟ್ಟಗಾಗಿ ಎದ್ದು ನಿಲ್ಲುತ್ತದೆ. ಇಡ್ಲಿ ಪಾತ್ರೆಯ ಆವಿಗೂ ಆಗುತ್ತದೆ, ಆದರೆ ಒಳಗೆ ಇಡ್ಲಿ ಇದ್ದಾಗ ಬೇಡ.