2022ರ ಕೊನೆಯ ಆರು ತಿಂಗಳು: ನನ್ನ ಲೆಕ್ಕ

2022ರ ಜುಲೈನಿಂದ ಡಿಸೆಂಬರ್‌ವರೆಗೆ ಥಿಯೇಟರಿನಲ್ಲಿ ನೋಡಿದ ಕನ್ನಡ ಸಿನಿಮಾಗಳನ್ನು ಸಾಲಾಗಿ ಹೇಳಿ, ‘ಕಾಂತಾರ’ ಬಿಟ್ಟರೆ ಏನಿತ್ತು ಅಂತ ಕೇಳಿದ್ದೀರಿ. ನಾನು ನೋಡಿದ್ದು ನಾಲ್ಕೇ.

ಮೊದಲು ‘ಕಾಂತಾರ’ನೇ, ಬಿಡಿ. ಕೊನೆಯಲ್ಲಿ ರಿಷಬ್ ಕೂಗುವ ಆ ‘ಓ’ಗೆ ಇಡೀ ಹಾಲ್ ಗಪ್‌ಚುಪ್. ಮನೆಯ ಟಿವಿಯಲ್ಲಿ ಮತ್ತೆ ನೋಡಿದಾಗ ಅಷ್ಟು ಮೈ ಜುಮ್ಮೆನ್ನಲಿಲ್ಲ.

ಎರಡನೆಯದು ‘ಗಂಧದ ಗುಡಿ’. ಅದು ಕಥೆಯ ಸಿನಿಮಾ ಅಲ್ಲ, ಅಪ್ಪು ಕಾಡು ಸುತ್ತುವ ಸಾಕ್ಷ್ಯಚಿತ್ರ. ಅವರು ಹೋಗಿ ಒಂದು ವರ್ಷ ಆಗುವ ಹೊತ್ತಿಗೆ ಬಂತು. ಅಳುತ್ತಾ ಕೂತವನು ನ್ಯಾಯವಾಗಿ ಅಂಕ ಹೇಗೆ ಕೊಡಲಿ?

ಮೂರು ‘ಗುರು ಶಿಷ್ಯರು’. ಶರಣ್ ಕಾಮಿಡಿಗೆ ಅಂತ ಹೋದೆ, ಖೋ ಖೋ ಆಟವೇ ಜಾಸ್ತಿ ಹಿಡಿಸಿತು. ಕೊನೆಗೆ ‘ವಿಕ್ರಾಂತ್ ರೋಣ’. ತ್ರೀಡಿ ಚಂದ, ಕಥೆ ಸ್ವಲ್ಪ ಗೋಜಲು ಅಲ್ವಾ?