ಶೀಟಿನ ಅಂಚು ಯಾಕೆ ನೆರಿಗೆ ಕಟ್ಟುತ್ತದೆ?

ಪ್ರಶ್ನೆ: ಬೈಕಂಪಾಡಿಯಲ್ಲಿ ನಮ್ಮದು ಸಣ್ಣ ಫ್ಯಾಬ್ರಿಕೇಷನ್ ಶೆಡ್. ಕಪಾಟಿನ ಬಾಗಿಲಿಗೆಂದು ತಂದ 1.2 ಮಿ.ಮೀ. ಸಿಆರ್ (ಕೋಲ್ಡ್ ರೋಲ್ಡ್, ಅಂದರೆ ಬಿಸಿ ಮಾಡದೆ ರೋಲ್ ಮಾಡಿದ) ಉಕ್ಕಿನ ಶೀಟು ನಡುವೆ ಸಪಾಟಾಗಿದೆ, ಎರಡೂ ಅಂಚಿನಲ್ಲಿ ಅಲೆ ಅಲೆ. ಒಂದೆರಡು ಶೀಟನ್ನು ಸುತ್ತಿಗೆಯಲ್ಲಿ ಬಡಿದು ನೋಡಿದೆವು, ಇನ್ನೂ ಜಾಸ್ತಿಯಾಯಿತು. ತಪ್ಪು ಮಿಲ್ಲಿನದ್ದಾ, ನಮ್ಮದಾ?

ಉತ್ತರ: ದಯವಿಟ್ಟು ಮೊದಲು ಸುತ್ತಿಗೆ ಕೆಳಗಿಡಿ. ಅಂಚು ಅಲೆಯಾಗಿರುವುದು ಅದು ನಡುಭಾಗಕ್ಕಿಂತ ಉದ್ದ ಇರುವುದರಿಂದ. ಬಡಿದಷ್ಟೂ ಅದು ತೆಳುವಾಗಿ ಇನ್ನೂ ಹಿಗ್ಗುತ್ತದೆ. ಚಪಾತಿ ಲಟ್ಟಿಸುವಾಗ ಅಂಚನ್ನೇ ಒತ್ತಿದರೆ ನೆರಿಗೆ ಬರುತ್ತದೆ ಅಲ್ವಾ, ಅದೇ ಕಥೆ.

ಮಿಲ್ಲಿನಲ್ಲಿ ಶೀಟನ್ನು ಮೇಲೊಂದು ಕೆಳಗೊಂದು ಉಕ್ಕಿನ ರೋಲಿನ ಸಂದಿನಲ್ಲಿ ಒತ್ತಿ ತೆಳು ಮಾಡುತ್ತಾರೆ. ರೋಲನ್ನು ಹಿಡಿದಿರುವುದು ಎರಡು ತುದಿಯ ಬೇರಿಂಗುಗಳು. ನಡುವೆ ಶೀಟು ನೂರಾರು ಟನ್ ಬಲದಲ್ಲಿ ಅದನ್ನು ತಳ್ಳುತ್ತದೆ. ಎಂಥ ಗಟ್ಟಿ ಉಕ್ಕಾದರೂ ತುಸು ಬಾಗಿಯೇ ಬಾಗುತ್ತದೆ. ಆಗ ನಡುವೆ ಸಂದು ದೊಡ್ಡದಾಗಿ, ಒತ್ತು ಅಂಚಿಗೆ ಜಾಸ್ತಿ ಬೀಳುತ್ತದೆ. ದಪ್ಪ ಬಿಸಿ ಪಟ್ಟಿಯಾದರೆ ಲೋಹ ಸ್ವಲ್ಪ ಅಡ್ಡಕ್ಕೂ ಸರಿದು ಹೊಂದಿಕೊಳ್ಳುತ್ತದೆ. ತೆಳು ಶೀಟಿಗೆ ಆ ದಾರಿ ಇಲ್ಲ, ಉದ್ದಕ್ಕೇ ಹೋಗಬೇಕು.

ಅದಕ್ಕೇ ಶೀಟನ್ನು ಒತ್ತುವ ಸಣ್ಣ ವರ್ಕ್ ರೋಲಿನ ಬೆನ್ನಿಗೆ ದಪ್ಪ ಬ್ಯಾಕಪ್ ರೋಲ್ ಕೊಡುತ್ತಾರೆ. ರೋಲಿನ ನಡುವೆ ಕಣ್ಣಿಗೆ ಕಾಣದಷ್ಟು ಉಬ್ಬು ಬಿಟ್ಟು ಗ್ರೈಂಡ್ ಮಾಡುತ್ತಾರೆ, ಇದೇ ಕ್ರೌನ್. ಆದರೆ ಒಂದು ಕ್ರೌನ್ ಒಂದು ಲೋಡಿಗಷ್ಟೇ ಸರಿ. ಶೀಟಿನ ಅಗಲ, ಗಡಸುತನ ಬದಲಾದರೆ ಲೆಕ್ಕ ತಪ್ಪುತ್ತದೆ. ಆಗ ಹೈಡ್ರಾಲಿಕ್ ಜ್ಯಾಕುಗಳು ವರ್ಕ್ ರೋಲಿನ ತುದಿಗಳನ್ನು ದೂರ ತಳ್ಳಿ ಅಂಚಿನ ಒತ್ತು ಇಳಿಸುತ್ತವೆ. ರೋಲು ಬಿಸಿಯಾಗಿ ಉಬ್ಬಿದ ಜಾಗಕ್ಕೆ ಮಾತ್ರ ಕೂಲೆಂಟ್ (ತಣಿಸುವ ದ್ರವ) ಜಾಸ್ತಿ ಬಿಡುತ್ತಾರೆ. ಈ ಜ್ಯಾಕು ಅತಿಯಾದರೆ ಉಲ್ಟಾ ಆಗುತ್ತದೆ: ಅಂಚು ಬಿಗಿ, ನಡುವೆ ಉಬ್ಬು.

ಬಡಿಯದ ಒಂದು ಶೀಟನ್ನು ಸಮ ಟೇಬಲ್ ಮೇಲೆ ಹಾಸಿ. ಅಲೆಯ ಉದ್ದ, ಎತ್ತರ ಅಳೆಯಿರಿ. 500 ಮಿ.ಮೀ. ಅಲೆಗೆ 5 ಮಿ.ಮೀ. ಎತ್ತರ ಬಂತು ಅಂತಿಟ್ಟುಕೊಳ್ಳಿ. ಅಂದರೆ ಅಂಚು ಮೀಟರಿಗೆ ಬರೀ ಕಾಲು ಮಿಲಿಮೀಟರ್ ಉದ್ದ! ಅಷ್ಟಕ್ಕೇ ಕಣ್ಣಿಗೆ ಕಾಣುವಷ್ಟು ಅಲೆ ಏಳುತ್ತದೆ. ಮಿಲ್ಲಿನವರ ಭಾಷೆಯಲ್ಲಿ ಇದು ಸುಮಾರು 25 ಐ-ಯೂನಿಟ್. ಒಂದು ಐ-ಯೂನಿಟ್ ಅಂದರೆ ಮೀಟರಿಗೆ 10 ಮೈಕ್ರಾನ್ ವ್ಯತ್ಯಾಸ.

ನೀವು ಬಡಿಯುವ ಮುಂಚಿನ ಅಲೆ ನಿಮ್ಮ ತಪ್ಪಲ್ಲ. ಅದು ರೋಲಿಂಗಿನಲ್ಲಿ ಹುಟ್ಟಿದ್ದು; ಕಾಯಿಲ್ (ಶೀಟಿನ ಸುರುಳಿ) ಕತ್ತರಿಸುವ ಕಡೆ ಲೆವೆಲರಿನಲ್ಲೂ, ಅಂದರೆ ಶೀಟು ಸಪಾಟು ಮಾಡುವ ಯಂತ್ರದಲ್ಲೂ, ಹೋಗಿಲ್ಲ. ಒಳ್ಳೆಯ ಲೆವೆಲರಿದ್ದರೆ ನಡುಭಾಗವನ್ನು ಹಿಗ್ಗಿಸಿ ಅಂಚಿಗೆ ಸರಿಹೊಂದಿಸಬಹುದು. ಉಳಿದ ಶೀಟುಗಳ ಅಳತೆ, ಫೋಟೊ ಸಪ್ಲೈಯರಿಗೆ ಇವತ್ತೇ ಕಳಿಸಿ. ಮುಂದಿನ ಆರ್ಡರಿನಲ್ಲಿ ಒಪ್ಪುವ ಅಲೆಯ ಎತ್ತರ ಎಷ್ಟು ಅಂತ ಬರೆದೇ ಕೊಡಿ.